ಕೆನ್ನೆ ತುಂಬುವ ವ್ಯಾಪಾರ

ಸೌಂದರ್ಯ ಚಿಕಿತ್ಸೆಯ ಅಂಗಡಿಗಳು ಈಗ ಬೆಂಗಳೂರಿಗೆ ಮಾತ್ರ ಸೀಮಿತವಾಗಿಲ್ಲ. ಜಿಲ್ಲಾ ಕೇಂದ್ರಗಳಲ್ಲೂ ಅವುಗಳ ಬೋರ್ಡುಗಳು ಎದ್ದಿವೆ. ಅವರು ಮಾರುವ ಸರಕುಗಳಲ್ಲಿ ಒಂದು, ಮುಖಕ್ಕೆ ಕೊಬ್ಬು ತುಂಬುವ ಆಪರೇಷನ್. ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬನ್ನು ಹೀರಿ ತೆಗೆದು ಕೆನ್ನೆಗೆ, ಕಣ್ಣಿನ ಕೆಳಗಿನ ಗುಳಿಗೆ, ಹಣೆಗೆ ಸೇರಿಸುವುದು. ಇದು ನಿಮ್ಮದೇ ದೇಹದ ವಸ್ತು, ಆದ್ದರಿಂದ ಅಪಾಯವಿಲ್ಲ, ಒಮ್ಮೆ ಮಾಡಿಸಿದರೆ ಸದಾ ಉಳಿಯುತ್ತದೆ ಎಂಬ ಧಾಟಿಯಲ್ಲಿ ಪ್ರಚಾರ ನಡೆದಿದೆ. ಇದರಲ್ಲಿ ಮೊದಲ ಮಾತು ಮಾತ್ರ ಪೂರ್ತಿ ನಿಜ. ಉಳಿದೆರಡು ಅರ್ಧಸತ್ಯಗಳು. ಆ ಅರ್ಧಸತ್ಯವನ್ನು ನಂಬಿ ಮೇಜಿನ ಮೇಲೆ ಮಲಗುವವರಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆಂಬ ಕಾರಣಕ್ಕೆ ನಾವು ಇದನ್ನು ಬರೆಯಬೇಕಾಗಿದೆ.

ಈ ವಿದ್ಯೆ ಹೊಸದೇನಲ್ಲ. 1893ರಲ್ಲೇ ಜರ್ಮನಿಯ ಗುಸ್ತಾವ್ ನ್ಯೂಬರ್ ಎಂಬ ವೈದ್ಯ ರೋಗಿಯೊಬ್ಬರ ತೋಳಿನ ಕೊಬ್ಬನ್ನು ಮುಖದ ಮೇಲಿನ ಗುಳಿಬಿದ್ದ ಕಲೆಗೆ ತುಂಬಿದ್ದರು. ಕೊಬ್ಬನ್ನು ಹೀರಿ, ಶುದ್ಧಗೊಳಿಸಿ, ಹನಿಹನಿಯಾಗಿ ಸೇರಿಸುವ ಈಗಿನ ಕ್ರಮಕ್ಕೆ 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಖಚಿತ ರೂಪ ಕೊಟ್ಟರು. ಹನಿಹನಿಯಾಗಿ ಏಕೆಂದರೆ, ಹೊಸ ಜಾಗಕ್ಕೆ ಬಂದ ಕೊಬ್ಬಿಗೆ ತನ್ನದೇ ರಕ್ತನಾಳ ಇರುವುದಿಲ್ಲ. ಸುತ್ತಲಿನ ಮಾಂಸದಿಂದ ಅದು ರಕ್ತ ಪಡೆಯಬೇಕು. ಬೀಜ ನೆಟ್ಟ ಹಾಗೆ, ಬೇರೂರಿದ್ದು ಬದುಕುತ್ತದೆ, ಬೇರೂರದ್ದು ಸಾಯುತ್ತದೆ. ಸತ್ತದ್ದನ್ನು ದೇಹ ಕರಗಿಸಿಕೊಳ್ಳುತ್ತದೆ. ಕರಗದೆ ಉಳಿದರೆ ಅದು ಎಣ್ಣೆಯ ಗುಳ್ಳೆಯಾಗಿಯೋ ಗಟ್ಟಿ ಗಂಟಾಗಿಯೋ ಚರ್ಮದ ಕೆಳಗೆ ಕೈಗೆ ಸಿಗುತ್ತದೆ. ತುಂಬಿದ್ದರಲ್ಲಿ ಅರ್ಧದಷ್ಟು ನಷ್ಟವಾಗುವುದು ಅಪರೂಪವೇನಲ್ಲ. ಎಷ್ಟು ಉಳಿಯುತ್ತದೆಂದು ಮೊದಲೇ ಹೇಳಲು ಎಂಥ ನುರಿತ ವೈದ್ಯರಿಗೂ ಸಾಧ್ಯವಿಲ್ಲ. ಎಡಗೆನ್ನೆಯಲ್ಲಿ ಹೆಚ್ಚು ಉಳಿದು ಬಲಗೆನ್ನೆಯಲ್ಲಿ ಕಡಿಮೆಯಾಗಬಹುದು. ನಷ್ಟವಾಗುತ್ತದೆಂದು ತಿಳಿದೇ ಕೆಲವರು ಬೇಕಾದ್ದಕ್ಕಿಂತ ಹೆಚ್ಚು ತುಂಬುತ್ತಾರೆ.

ಆದ್ದರಿಂದ ಆಪರೇಷನ್ ಆದ ಮರುದಿನ ಕನ್ನಡಿಯಲ್ಲಿ ಕಾಣುವ ಮುಖ ಜಾಹೀರಾತಿನ ಮುಖವಲ್ಲ. ಅದು ಬಾತುಕೊಂಡು ನೀಲಿಗಟ್ಟಿದ ಮುಖ. ಎರಡು ಮೂರು ವಾರ ಹಾಗೇ ಇರಬಹುದು. ಕೊಬ್ಬು ತೆಗೆದ ಹೊಟ್ಟೆಯೂ ನೋಯುತ್ತದೆ. ಪೂರ್ತಿ ಬಾವು ಇಳಿದು, ಉಳಿಯುವುದು ಉಳಿದು, ಹೋಗುವುದು ಹೋಗಿ, ಮುಖ ಹೇಗಾಯಿತೆಂದು ತಿಳಿಯಲು ಮೂರರಿಂದ ಆರು ತಿಂಗಳು ಬೇಕು. ನಿಕಾಹ್‌ಗೆ ಒಂದು ತಿಂಗಳಿದೆ ಎನ್ನುವಾಗ ಮಗಳನ್ನು ಕರೆದುಕೊಂಡು ಹೋಗುವ ತಾಯಂದಿರಿಗೆ ಈ ಲೆಕ್ಕವನ್ನು ಯಾರು ಹೇಳುತ್ತಾರೆ? ಫಲಿತಾಂಶ ಸಾಲದಿದ್ದರೆ ಎರಡನೆಯ ಸಲ ಮಾಡಿಸಬೇಕು, ಎರಡನೆಯ ಸಲ ದುಡ್ಡು ಕಟ್ಟಬೇಕು. ಕೇವಲ ಅಂದಕ್ಕಾಗಿ ಮಾಡಿಸಿಕೊಳ್ಳುವುದಕ್ಕೆ ಆರೋಗ್ಯ ವಿಮೆಯ ಹಣವೂ ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನು ಸದಾ ಉಳಿಯುತ್ತದೆ ಎಂಬ ಮಾತು. ಬೇರೂರಿದ ಕೊಬ್ಬು ವರ್ಷಗಟ್ಟಲೆ ಉಳಿಯುತ್ತದೆ, ನಿಜ. ಆದರೆ ಕೆನ್ನೆಗೆ ಬಂದರೂ ಅದು ಹೊಟ್ಟೆಯ ಗುಣ ಮರೆಯುವುದಿಲ್ಲ. ಹೆರಿಗೆಯ ನಂತರ ಮೈತೂಕ ಏರಿದರೆ ಕೆನ್ನೆಯೂ ಜೊತೆಗೆ ಊದಿಕೊಳ್ಳಬಹುದು.

ಇದೆಲ್ಲ ಸಹಿಸಿಕೊಳ್ಳಬಹುದಾದ ಕಷ್ಟ. ಸಹಿಸಲಾಗದ್ದು ಒಂದಿದೆ. ಸೂಜಿಯ ಒತ್ತಡಕ್ಕೆ ಕೊಬ್ಬಿನ ಕಣ ರಕ್ತನಾಳದೊಳಕ್ಕೆ ನುಗ್ಗಿದರೆ ಅದು ಹಿಮ್ಮುಖವಾಗಿ ಹರಿದು ಕಣ್ಣಿನ ನಾಳವನ್ನು ಮುಚ್ಚಬಲ್ಲದು. ಅಲ್ಲಿಂದ ಮಿದುಳಿಗೂ ಹೋಗಬಲ್ಲದು. ಮುಖದ ಚುಚ್ಚುಮದ್ದಿನಿಂದ ದೃಷ್ಟಿಗೆ ಪೆಟ್ಟು ಬಿದ್ದ 98 ಪ್ರಕರಣಗಳನ್ನು ವೈದ್ಯಕೀಯ ಸಾಹಿತ್ಯದಿಂದ ಹುಡುಕಿ ತೆಗೆದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣವಾಗಿದ್ದುದು ರೋಗಿಯದೇ ಕೊಬ್ಬು. ಹುಬ್ಬುಗಳ ನಡುವಿನ ಜಾಗ ಮತ್ತು ಮೂಗು ಹೆಚ್ಚು ಅಪಾಯದ ತಾಣಗಳು. ಜಗತ್ತಿನಲ್ಲಿ ನಡೆಯುವ ಚುಚ್ಚುಮದ್ದುಗಳ ರಾಶಿಯಲ್ಲಿ ಇದು ವಿರಳ, ಒಪ್ಪೋಣ. ಆದರೆ ಹೈಯಲುರಾನಿಕ್ ಆಮ್ಲದ ಫಿಲ್ಲರ್ ಹಾಕಿ ಎಡವಟ್ಟಾದರೆ ಅದನ್ನು ಕರಗಿಸಲು ಒಂದು ಮದ್ದಾದರೂ ಇದೆ. ಕೊಬ್ಬಿಗೆ ಅಂಥ ಮದ್ದಿಲ್ಲ. ನಿಮ್ಮದೇ ವಸ್ತು ಎಂದು ಹೊಗಳಿ ಮಾರುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ.

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ನಿನ ಬೆನ್ನಲ್ಲೇ ತೀರಿಕೊಂಡರು. ವಯಸ್ಸು 21. ಮುಖಕ್ಕಾಗಿ ತೆಗೆಯುವ ಕೊಬ್ಬು ಬಲು ಸ್ವಲ್ಪ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಾವು ಅದನ್ನು ನೆನೆಯುವುದು ಬೇರೆ ಕಾರಣಕ್ಕೆ. ಮನೆಯವರಿಗೆ ಮೊದಲೇ ತಿಳಿಸಿರಲಿಲ್ಲವೆಂದು ಅಂದಿನ ವರದಿಗಳು ಹೇಳಿದವು. ಗುಟ್ಟಾಗಿ ಹೋಗುವ ಹುಡುಗಿಯ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ರೋಗಿಯ ಸಹಿ ಪಡೆದರೆ ಸಾಲದು, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ಎಲ್ಲವನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸೂಜಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದ್ದಾರೆಯೇ, ಅಥವಾ ಯಾವುದೋ ವಾರಾಂತ್ಯದ ತರಬೇತಿಯ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆಯೇ? ಸೋಫಾ ಕೊಳ್ಳುವಾಗ ಹತ್ತು ಅಂಗಡಿ ತಿರುಗುವ ನಾವು ಇದನ್ನು ಕೇಳಲು ನಾಚುತ್ತೇವೆ.

ಹಾಗೆಂದು ಕ್ಲಿನಿಕ್ಕುಗಳನ್ನು ಬೈದು ಕೈತೊಳೆದುಕೊಂಡರೆ ನಾವು ಸಾಚಾಗಳಾಗುವುದಿಲ್ಲ. ಆ ಹುಡುಗಿಯನ್ನು ಅಲ್ಲಿಗೆ ಅಟ್ಟಿದವರು ಯಾರು? ರಿಷ್ತಾ ನೋಡಲು ಬಂದು, ಸಮೋಸ ತಿಂದು, ಚಹಾ ಕುಡಿದು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುವಾಗ, ‘ಬಚ್ಚೀ ಅಚ್ಛೀಚ್ ಹೈ ಆಪಾ, ಗಾಲಾಂ ಜರಾ ಬೈಠೇ ಸೋ ಹೈಂ’ ಎಂದು ಪಿಸುಗುಟ್ಟುವವರು ನಮ್ಮವರೇ ತಾನೆ? ಹುಡುಗಿ ಒಳ್ಳೆಯವಳೇ, ಕೆನ್ನೆ ಮಾತ್ರ ಸ್ವಲ್ಪ ಗುಳಿಬಿದ್ದಿದೆಯಂತೆ! ಮನೆಯ ಗಂಡಸರೆಲ್ಲ ಉಂಡ ಮೇಲೆ ತಳದ ಅನ್ನ ಬಳಿದುಕೊಂಡು ತಿಂದು ಬೆಳೆದವಳ ಕೆನ್ನೆ ಇನ್ನು ಹೇಗಿರಬೇಕಿತ್ತು? ಅಂಥ ಬಡಕಲು ಮೈಯಲ್ಲಿ ಹೀರಿ ತೆಗೆಯಲೂ ಸಾಕಷ್ಟು ಕೊಬ್ಬು ಸಿಗುವುದಿಲ್ಲ ಎಂಬುದು ಈ ವ್ಯಾಪಾರದ ಕ್ರೂರ ತಮಾಷೆ. ಮಹರ್ ಕೊಟ್ಟು ವರಿಸಬೇಕಾದ ಗಂಡು ಜಹೇಜ್ ಕೇಳುತ್ತಾನೆ, ಅದರ ಮೇಲೆ ತುಂಬುಗೆನ್ನೆಯನ್ನೂ ಕೇಳುತ್ತಾನೆ. ಅವನ ಹೊಟ್ಟೆಯನ್ನು ಯಾರೂ ಅಳೆಯುವುದಿಲ್ಲ.

ಮೌಲ್ವಿಸಾಬರನ್ನು ಕೇಳಿದರೆ ಒಂದೇ ಪದದ ಉತ್ತರ, ಹರಾಮ್. ಅಂದಕ್ಕಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದರ ವಿರುದ್ಧ ಎಚ್ಚರಿಕೆ ಇರುವುದು ನಿಜ. ಆದರೆ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡು, ಅದು ನಾರತೊಡಗಿದಾಗ, ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದವರು ಸ್ವತಃ ಪ್ರವಾದಿಯವರು. ಗಂಡಸಿಗೆ ನಿಷಿದ್ಧವಾದ ಚಿನ್ನ! ಅಬೂದಾವೂದ್, ತಿರ್ಮಿದಿ ಎರಡರಲ್ಲೂ ಈ ಹದೀಸ್ ಇದೆ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಕೂಡ ಕಾಯಿಲೆ, ಸುಟ್ಟಗಾಯ, ಅಪಘಾತಗಳಿಂದ ಬಂದ ಊನವನ್ನು ಸರಿಪಡಿಸುವುದಕ್ಕೆ ಅನುಮತಿ ನೀಡಿ, ಬರೀ ಅಂದದ ಹಂಬಲವನ್ನು ತಡೆಯಿತು. ಈ ಗೆರೆಯನ್ನು ವಿವರಿಸಲು ಖುತ್ಬಾದ ಐದು ನಿಮಿಷ ಸಾಕು. ಅದನ್ನು ವಿವರಿಸುವಾಗ ಚಪ್ಪಲಿ ಮೆಟ್ಟುತ್ತಾ ಪಿಸುಗುಟ್ಟುವವರ ಮನೆಯ ಗಂಡಸರೂ ಮುಂದಿನ ಸಫ್ಫಿನಲ್ಲೇ ಕುಳಿತಿರುತ್ತಾರೆ.

ಗೆರೆಯ ಆಚೆ, ಇದೇ ಆಪರೇಷನ್ ನಿಜಕ್ಕೂ ಬೇಕಾದವರಿದ್ದಾರೆ. 2000ರ ದಶಕದಲ್ಲಿ ಎಚ್‌ಐವಿ ಪೀಡಿತರ ಪ್ರಾಣ ಉಳಿಸಿದ ಸ್ಟಾವುಡಿನ್ ಮಾತ್ರೆ ಅನೇಕರ ಕೆನ್ನೆಯ ಕೊಬ್ಬನ್ನೇ ಕರಗಿಸಿತು. ಮುಖ ನೋಡಿಯೇ ಊರವರು ರೋಗ ಗುರುತಿಸುವಂತಾಯಿತು. ಆ ಮಾತ್ರೆ ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು, ಕರಗಿದ ಕೆನ್ನೆ ಮರಳಲಿಲ್ಲ. 1999ರಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಮೇಲೆ ಹಿಂದಿನ ಮಾಲೀಕ ಆಸಿಡ್ ಸುರಿದ. ಮುಖವೂ ಹೋಯಿತು, ಕಣ್ಣೂ ಹೋಯಿತು. ಹೈಕೋರ್ಟ್ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2006ರಲ್ಲಿ. ಸುಟ್ಟು ಬಿಗಿದುಕೊಂಡ ಚರ್ಮದಡಿ ಕೊಬ್ಬು ಸೇರಿಸಿ ಮೃದುಗೊಳಿಸುವ ಚಿಕಿತ್ಸೆ ಇದೆ. ಆಸಿಡ್ ದಾಳಿಗೊಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಆದೇಶಿಸಿದೆ. ಒಲೆಯ ಬೆಂಕಿಯಲ್ಲಿ ಬೆಂದವರಿಗೆ ಆ ಆದೇಶವೂ ಅನ್ವಯಿಸುವುದಿಲ್ಲ. ಹಾಗೆ ಬೆಂದ ಮುಖದ ಹೆಣ್ಣುಮಗಳೊಬ್ಬಳ ಅರ್ಜಿಯನ್ನು ನಾವೇ ಬರೆದು ಒಂದು ಬೈತುಲ್‌ಮಾಲ್ ಸಮಿತಿಗೆ ಕೊಟ್ಟಿದ್ದೆವು. ಮದುವೆಗಳಿಗೆ ಧಾರಾಳವಾಗಿ ನೆರವಾಗುವ ಸಮಿತಿ ಅದು. ಇದು ಅಂದಚೆಂದದ ವಿಷಯವಲ್ಲವೇ ಎಂದು ಒಬ್ಬ ಸದಸ್ಯರು ಕೇಳಿದರಂತೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.