ನಿರ್ಜನವಲ್ಲ, ನಿರ್ಜನಗೊಳಿಸಿದ್ದು

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ರಮ್ ದ್ವೀಪವನ್ನು (ಹೆಸರು ಕೇಳಿ ಬಾಯಾರಿಸಿಕೊಳ್ಳಬೇಡಿ!) ಒಂದೇ ಹಗಲಿನಲ್ಲಿ ನಡೆದು ದಾಟುವ ಹಂಚಿಕೆ ಹಾಕುವವರಿಗೆ ಲೆಕ್ಕವೆಲ್ಲ ಬಾಯಿಪಾಠ: ಮಾಲೇಗ್ ಬಂದರಿನಿಂದ ಹಡಗು, ಮಳೆಯಂಗಿ, ಬುತ್ತಿ, ಕಿನ್‌ಲಾಕಿನಿಂದ ಹ್ಯಾರಿಸ್ ಕೊಲ್ಲಿಗೆ ಸುಮಾರು 12 ಕಿಲೋಮೀಟರು, ಮರಳಲು ಮತ್ತಷ್ಟೇ. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೊಂದು ಸುಳ್ಳು ಸೇರಿಸುತ್ತಾರೆ: ‘ಮನುಷ್ಯ ಮುಟ್ಟದ ನೆಲ’.

ಸ್ವಾಮಿ, ಹ್ಯಾರಿಸಿನಲ್ಲಿ ಹುಲ್ಲು ಮುಚ್ಚಿದ ಸಾಗುವಳಿಯ ಏರುಸಾಲುಗಳನ್ನು ತೋಡಿದವರು ಯಾರು? 1826ರಲ್ಲಿ ಕುರಿಗಳಿಗೆ ಜಾಗ ಬೇಕೆಂದು ಸುಮಾರು 300 ಜನರನ್ನು ಹಡಗೇರಿಸಿ ಕೆನಡಕ್ಕೆ ಸಾಗಹಾಕಿದರು. ಮುಂದೆ ದ್ವೀಪ ಕೊಂಡ ಸಿರಿವಂತರ ಸಮಾಧಿ, ಗ್ರೀಕ್ ಗುಡಿಯಂತೆ ಕಂಬಗಳೊಡನೆ, ಅಲ್ಲೇ ಮೆರೆಯುತ್ತಿದೆ. ಕ್ಯಾಮೆರಾ ತಿರುಗುವುದು ಅದರ ಕಡೆಗೇ!

ಬೆಟ್ಟಕ್ಕೆ ಗಂಟೆಗಟ್ಟಲೆ ಮೀಸಲಿಡುವವರು ಆ ಬಿದ್ದ ಗೋಡೆಗಳಿಗೆ ಅರ್ಧ ಗಂಟೆ ಕೊಡಲಾರರೆ? ಹೊತ್ತು ಸಾಲದೆಂದರೆ 812 ಮೀಟರಿನ ಅಸ್ಕಿವಲ್ ಶಿಖರವನ್ನು ಬಿಡಿ.