ರದ್ದಿಗೆ ಹಾಕುವ ಮುನ್ನ



ಹಬ್ಬ ಹತ್ತಿರ ಬಂತೆಂದರೆ ನಮ್ಮ ಕೈ ಮೊದಲು ಹೋಗುವುದು ಅಟ್ಟದ ಮೇಲಿನ ಟ್ರಂಕಿಗೆ. ಹಳೇ ಕಾಗದ, ಹುಳು ತಿಂದ ಪುಸ್ತಕ, ಯಾರದೋ ಮದುವೆ ಫೋಟೋ. “ಜಾಗಕ್ಕೆ ದಂಡ” ಅಂತ ಎಲ್ಲವನ್ನೂ ರದ್ದಿಯವನ ತಕ್ಕಡಿಗೆ ಹಾಕಿ, ಬಂದ ದುಡ್ಡಿಗೆ ಒಂದು ಸ್ಟೀಲ್ ಡಬ್ಬಿ ತಂದರೆ ನಮಗೆ ಸಮಾಧಾನ. ನಾನೂ ಹಾಗೇ ಮಾಡಿದವಳು. ನಾನು ಕಳೆದುಕೊಂಡದ್ದೇನು ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಫೋಟೋದ ಕಥೆ ಕೇಳಿ.

1885ರ ಅಕ್ಟೋಬರ್ 10ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ತೆಗೆದ ಫೋಟೋ ಅದು. ಮೂವರು ತರುಣಿಯರು ತಂತಮ್ಮ ನಾಡಿನ ಉಡುಗೆಯಲ್ಲಿದ್ದಾರೆ. ಒಬ್ಬರು ಜಪಾನಿನ ಕೇಯಿ ಒಕಾಮಿ, ಒಬ್ಬರು ಸಿರಿಯಾದ ಸಾಬತ್ ಇಸ್ಲಾಂಬೂಲಿ. ಸೀರೆ ಉಟ್ಟವರು ನಮ್ಮ ಪಕ್ಕದ ಮಹಾರಾಷ್ಟ್ರದ ಆನಂದಿಬಾಯಿ ಜೋಶಿ. ಮೂವರೂ ಹೆಂಗಸರಿಗೆಂದೇ 1850ರಲ್ಲಿ ಶುರುವಾದ ವೈದ್ಯ ಕಾಲೇಜಿನ ವಿದ್ಯಾರ್ಥಿನಿಯರು.

ಆನಂದಿಬಾಯಿಗೆ ಒಂಬತ್ತನೇ ವಯಸ್ಸಿಗೇ ಮದುವೆ. ಹದಿನಾಲ್ಕಕ್ಕೆ ಗಂಡುಮಗು ಹುಟ್ಟಿ ಹತ್ತೇ ದಿನಕ್ಕೆ ತೀರಿಕೊಂಡಿತು. ಆ ಹೊಟ್ಟೆಯುರಿಯೇ ಆಕೆಯನ್ನು ಡಾಕ್ಟರ್ ಓದಿಗೆ ಎಳೆದದ್ದು. ನಮ್ಮ ಹೆಂಗಸರು ಸಾಯುತ್ತಾರೆಯೇ ಹೊರತು ಗಂಡಸು ಡಾಕ್ಟರಿಗೆ ಮೈ ತೋರಿಸುವುದಿಲ್ಲ, ಅವರಿಗಾಗಿ ನಾನು ಕಲಿಯಬೇಕು ಅಂತ 1883ರಲ್ಲಿ ಆ ಕಾಲೇಜಿಗೆ ಪತ್ರ ಬರೆದರು. ಆಗ ಹದಿನೆಂಟು ವರ್ಷ! 1886ರ ಮಾರ್ಚಿನಲ್ಲಿ ಪದವಿ ಸಿಕ್ಕಿತು. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಕೆಲಸವೂ ಕಾದಿತ್ತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು.

ಆ ಪತ್ರ, ಆ ಫೋಟೋ ಇವತ್ತಿಗೂ ಇವೆ. ಹೇಗೆ ಉಳಿದವು ಅಂತೀರಿ? ಆ ಕಾಲೇಜು 1970ರಲ್ಲಿ ಗಂಡುಹುಡುಗರನ್ನೂ ಸೇರಿಸಿಕೊಂಡು ಹೆಸರು ಬದಲಾಯಿಸಿತು. ಆಮೇಲೆ ಬೇರೊಂದು ಕಾಲೇಜಿನ ಜೊತೆ ಕೂಡಿ, ಕೊನೆಗೆ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಪಾಲಾಯಿತು. ಒಂದು ಬಾಡಿಗೆ ಮನೆ ಬದಲಾಯಿಸುವಾಗಲೇ ನಾವು ಎಷ್ಟು ಬಿಸಾಡುತ್ತೇವೆ, ಯೋಚಿಸಿ. ಅಲ್ಲಿ ಕಾಗದಪತ್ರಗಳನ್ನು ಕಾಯ್ದಿಡುವುದಕ್ಕೆಂದೇ ಒಂದು ಪತ್ರಾಗಾರ ಉಳಿಯಿತು.

ಕಾಯ್ದಿಟ್ಟು ಬೀಗ ಹಾಕಿ ಕೂತಿಲ್ಲ, ಅದು ನನಗೆ ಹಿಡಿಸಿದ್ದು. ಹಳೆಯ ಪತ್ರ, ಫೋಟೋಗಳನ್ನು ಹೈಸ್ಕೂಲು ಮಕ್ಕಳ ಮುಂದಿಡುತ್ತಾರೆ. ಮಕ್ಕಳು ಮೂಲ ಕಾಗದವನ್ನೇ ಓದಿ ಚರಿತ್ರೆ ತಿಳಿಯುತ್ತಾರೆ. ಅಲ್ಲಿರುವ ಇನ್ನೊಂದು ಪತ್ರ ಎಲಿಜಾ ಗ್ರಿಯರ್ ಅವರದು. ಹುಟ್ಟಿದ್ದು ಗುಲಾಮಗಿರಿಯಲ್ಲಿ. ನನ್ನ ಬಳಿ ದುಡ್ಡಿಲ್ಲ, ಓದುವ ದಾರಿ ಏನಾದರೂ ಇದೆಯೇ ಅಂತ 1890ರಲ್ಲಿ ಕಾಲೇಜನ್ನು ಕೇಳಿದ್ದಾರೆ. ಒಂದು ವರ್ಷ ಹತ್ತಿ ಬಿಡಿಸಿ ದುಡಿಯುವುದು, ಮರುವರ್ಷ ಓದುವುದು. ಹೀಗೆ 1897ರಲ್ಲಿ ಡಾಕ್ಟರಾದರು. ಓದಲ್ಲಿ ಮನಸ್ಸಿಲ್ಲ ಅನ್ನುವ ಮನೆಯ ಮಕ್ಕಳಿಗೆ ಈ ಕಥೆ ಒಮ್ಮೆ ಹೇಳಿ ನೋಡಿ.

ಈಗ ನನ್ನ ವಿಷಯ. ನಮ್ಮ ಅತ್ತೆಯವರ ಅಕ್ಕ ನಮ್ಮೂರಿನಲ್ಲಿ ಸೂಲಗಿತ್ತಿ. ನಾಲ್ಕಕ್ಷರ ಬಲ್ಲವರು. ಹೆರಿಗೆ ಮಾಡಿಸಿದ ಮನೆ, ಹೊತ್ತು, ಗಂಡೋ ಹೆಣ್ಣೋ, ಬಾಣಂತಿಗೆ ಕೊಟ್ಟ ಕಷಾಯ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಉಳಿಯದ ಕೂಸುಗಳ ಲೆಕ್ಕವೂ ಅದರಲ್ಲಿತ್ತು. ಒಂದು ದೀಪಾವಳಿಗೆ ನಾನೇ, ಈ ಕೈಯಾರೆ, ಅದನ್ನು ರದ್ದಿಗೆ ಹಾಕಿದೆ. ಅತ್ತೆ ಕೇಳಿದಾಗ ಎರಡು ದಿನ ಅವರ ಮುಖ ನೋಡಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ದೀತು. ಅಜ್ಜಿಯ ಮದ್ದಿನ ಚೀಟಿ, ಕಾಂಪೌಂಡರ್ ಆಗಿದ್ದ ಮಾವನ ಡೈರಿ, ದಾದಿಯಾಗಿದ್ದ ಚಿಕ್ಕಮ್ಮನ ಸರ್ಟಿಫಿಕೇಟು. ಹರಿದಿದೆಯೆಂದು ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಗುಂಡುಸೂಜಿ ತೆಗೆದುಬಿಡಿ, ತುಕ್ಕು ಕಾಗದವನ್ನು ತಿನ್ನುತ್ತದೆ. ನ್ಯೂಸ್‌ಪೇಪರಿನಲ್ಲಿ ಸುತ್ತಿದರೆ ಅದರ ಹಳದಿ ಇದಕ್ಕೂ ಹತ್ತುತ್ತದೆ. ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆ ಸಾಕು. ಸೋರುವ ಅಟ್ಟಕ್ಕಿಂತ ಒಳಕೋಣೆಯ ಬೀರು ಮೇಲು. ಫೋಟೋದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಆ ಮೂವರು ಯಾರೆಂದು ನಮಗೆ ಗೊತ್ತಾದದ್ದೂ ಫೋಟೋದಲ್ಲಿ ಯಾರೋ ಹೆಸರು ಬರೆದಿದ್ದರಿಂದಲೇ. ಮಕ್ಕಳ ಮೊಬೈಲಿನಲ್ಲಿ ಒಂದೊಂದು ಪುಟದ ಚಿತ್ರವನ್ನೂ ತೆಗೆಸಿಡಿ.

ಹೋದ ತಿಂಗಳು ಅಡಿಗೆಮನೆಯ ಹಳೇ ಬೀರು ತೊಳೆಯುವಾಗ ತಳಕ್ಕೆ ಹಾಸಿದ್ದ ಕಾಗದ ಎತ್ತಿದೆ. ಆ ನೋಟ್‌ಬುಕ್ಕಿನದೇ ಒಂದು ಹಾಳೆ! ಎಣ್ಣೆ ಹತ್ತಿದೆ, ಮೇಲಿನ ಅರ್ಧ ಮಾಸಿದೆ. “ಹೆಣ್ಣು, ಬೆಳಗಿನ ಜಾವ ನಾಲ್ಕು, ತಾಯಿ ಕ್ಷೇಮ” ಅನ್ನುವಷ್ಟು ಓದಲು ಬರುತ್ತದೆ. ಮನೆಯ ಹೆಸರು ಕಾಣುತ್ತಿಲ್ಲ. ನಮ್ಮೂರಿನ ಅರವತ್ತು ದಾಟಿದ ಹೆಂಗಸರನ್ನೆಲ್ಲ ಈಗ ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇನೆ, ನೀವು ಹುಟ್ಟಿದ್ದು ಎಷ್ಟು ಹೊತ್ತಿಗೆ ಅಂತ.