ಸೇನೆಯ ಕಮಾನು ತಗಡಿನ ಶೆಡ್ ಗುಂಡು, ಬಾಂಬು ತಡೆಯುತ್ತದೆಯೇ?

ಹಳೆಯ ಸೈನಿಕ ಶಿಬಿರಗಳ ಚಿತ್ರಗಳಲ್ಲಿ ಕಾಣುವ ಅರ್ಧ ಪೀಪಾಯಿ ಆಕಾರದ ತಗಡಿನ ಶೆಡ್ ಬಾಂಬಿಗೂ ಜಗ್ಗದು ಎಂದು ಹಲವರು ನಂಬುತ್ತಾರೆ. ಇದು ನಿಜವಲ್ಲ.

1916ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ಪೀಟರ್ ನಿಸ್ಸೆನ್ ಇದನ್ನು ರೂಪಿಸಿದ್ದು ಮಳೆ, ಚಳಿಯಿಂದ ಸೈನಿಕರನ್ನು ಕಾಪಾಡಲು. ಬಿಡಿಭಾಗಗಳನ್ನು ಲಾರಿಯಲ್ಲಿ ತಂದು, ಆರು ಜನ ನಾಲ್ಕು ಗಂಟೆಯಲ್ಲಿ ಜೋಡಿಸಬಹುದಿತ್ತು.

ತೆಳು ತಗಡು ನಿಲ್ಲುವುದು ಹೇಗೆ? ಕಾಗದವನ್ನು ಬೀಸಣಿಗೆಯಂತೆ ಮಡಚಿ ನೋಡಿ, ಸುಲಭವಾಗಿ ಬಾಗುವುದಿಲ್ಲ. ಅಲೆಯಲೆಯಾದ ತಗಡೂ ಹಾಗೆಯೇ. ಆದರೆ ಅದರ ದಪ್ಪ ಹೆಚ್ಚುವುದಿಲ್ಲ. ಗುಂಡು, ಬಾಂಬಿನ ಚೂರುಗಳು ತೂರಿಹೋಗುತ್ತವೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಜನ ಹಿತ್ತಲಿನ ಆಂಡರ್ಸನ್ ತಗಡಿನ ಗೂಡುಗಳನ್ನು ಅರ್ಧ ನೆಲದೊಳಗೆ ಇಳಿಸಿ, ಮೇಲೆ ಮಣ್ಣು ಹೊದಿಸುತ್ತಿದ್ದುದು ಇದಕ್ಕೇ. ಚೂರುಗಳನ್ನು ತಡೆಯುತ್ತಿದ್ದುದು ಆ ಮಣ್ಣು.

ದಾಳಿಯ ಸೈರನ್ ಕೇಳಿದರೆ ತಗಡಿನ ಶೆಡ್ಡಿಗೆ ಓಡಬೇಡಿ. ಗಟ್ಟಿ ಕಟ್ಟಡದೊಳಗೆ, ಕಿಟಕಿಯಿಂದ ದೂರವಿರಿ.